ನಲವತ್ತು ಮಜಲು

ಚಿಕ್ಕಬೀರಪ್ಪನ ವಿಷಯ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಬೇರೆ ಯಾರೂ ಬರೆಯುವುದಿಲ್ಲವಲ್ಲ ಎಂದು ನಾನೇ ಕೂತಿದ್ದೇನೆ. ಅವನು ಎಮ್ಮೆದೊಡ್ಡಿಯ ಅಮೃತಮಹಲ್ ಕಾವಲಿನಲ್ಲಿ, ಅಂದರೆ ಸರ್ಕಾರದ ಹುಲ್ಲುಗಾವಲಿನಲ್ಲಿ, ದನ ಕಾಯುವ ನೌಕರ. ನಾನು ಷಣ್ಮುಖಪ್ಪ, ಅಲ್ಲಿನ ಶಾಲೆಗೆ ಇದ್ದ ಒಬ್ಬನೇ ಮೇಷ್ಟ್ರು. ನನಗೆ ಮದುವೆಯಾಗಿರಲಿಲ್ಲ, ಅವನಿಗೆ ಮಕ್ಕಳಿರಲಿಲ್ಲ. ಎಪ್ಪತ್ನಾಲ್ಕರಲ್ಲಿ ಅವನ ಹೆಂಡತಿ ಯಲ್ಲಮ್ಮನೂ ತೀರಿಕೊಂಡಳು. ಅಂದಿನಿಂದ ದಿನಾ ಸಂಜೆ ಶಾಲೆಯ ಜಗಲಿಗೆ ಬಂದು ಕೂರತೊಡಗಿದ.

ಒಂದು ಸಂಜೆ ಗೋಡೆಯ ಭೂಪಟ ನೋಡುತ್ತ, ಮೇಲ್ಗಡೆ ಅಂಚಿನಾಗೆ ಏನೈತೆ ಎಂದು ಕೇಳಿದ. ನೇಪಾಳ, ಸಿಕ್ಕಿಂ, ಭೂತಾನ್ ಎಂದು ಕೋಲಿಟ್ಟು ತೋರಿಸಿದೆ.

"ನಡ್ಕೊಂಡು ಹೋಗ್‌ಬೌದಾ ಮೇಷ್ಟ್ರೇ?"

"ಅಷ್ಟು ದೂರ ಯಾಕೋ?"

"ಗುಡಿಸ್ಲಲ್ಲಿ ಕೂತ್ರೆ ಅವಳೇ ಕಣ್ಮುಂದೆ ಬತ್ತಾಳೆ. ನಡೀತಿದ್ರೆ ವಸಿ ತಡ್ಕೋಬೌದು."

"ನಾನೂ ಬರ್ತೀನಿ ಬಿಡು, ಇಬ್ರೂ ಹೋಗೋಣ" ಎಂದುಬಿಟ್ಟೆ.

ಕಡೂರಿನಲ್ಲಿ ರೈಲು ಹತ್ತಿ ನೇಪಾಳದ ಗಡಿಯವರೆಗೆ ಹೋಗುವುದು, ಅಲ್ಲಿಂದ ಮೂಡಲಿಗೆ ನಡೆಯುವುದು ಎಂದು ಗೊತ್ತುಮಾಡಿದೆವು. ಬೆಟ್ಟದ ಎತ್ತರವಾಗಲಿ ಗುಡಿಗೋಪುರವಾಗಲಿ ಬೀರಪ್ಪನಿಗೆ ಬೇಕಿರಲಿಲ್ಲ. ಕಾವಲಿನಿಂದ ಕಾವಲಿಗೆ ದನ ಹೊಡೆದುಕೊಂಡು ಹೋಗಿ ಬಂದವನು. ದಾರಿ ಎಂದರೆ ಅವನಿಗೆ ಮಜಲು. ಒಂದು ದಿನದ ನಡಿಗೆ ಒಂದು ಮಜಲು, ಅದು ಮುಗಿಯುವಲ್ಲಿ ನೀರಿರಲೇಬೇಕು. "ಇಲ್ಲಿ ನೀರೈತಾ?" ಎಂದು ಭೂಪಟದ ಮೇಲೆ ಬೆರಳಿಟ್ಟು ಕೇಳುವನು. ಆ ಭೂಪಟದಲ್ಲಿ ಇಡೀ ನೇಪಾಳವೇ ನನ್ನ ಹೆಬ್ಬೆರಳಿನಷ್ಟಿತ್ತು. ಗೊತ್ತಿಲ್ಲ ಎನ್ನಲು ಮೇಷ್ಟ್ರ ಜಂಬ ಬಿಡಬೇಕಲ್ಲ! ಹಳ್ಳ ಇದೆ ಎಂದೆ. ಮಾರನೆಯ ದಿನ ಕಟ್ಟೆ ಇದೆ ಎಂದೆ. ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ, ಊರಿನ ಹೆಸರುಗಳನ್ನೂ ಕಟ್ಟಿದೆ. ವರ್ಷ ಕಳೆಯುವುದರಲ್ಲಿ ನಲವತ್ತು ಮಜಲಾದವು. ಓದು ಬಾರದ ಬೀರಪ್ಪ ನಲವತ್ತನ್ನೂ ಬಾಯಿಪಾಠ ಮಾಡಿಕೊಂಡ.

ಕಾವಲಿನ ಜನ ಬೇರೆ ಏನು ಸುಳ್ಳು ಹೇಳಿದರೂ ನೀರಿನ ವಿಷಯದಲ್ಲಿ ಹೇಳುವುದಿಲ್ಲ. ಮುಂದೆ ನೀರಿದೆ ಎಂದು ಒಬ್ಬ ಅಂದರೆ ಇನ್ನೊಬ್ಬ ಆ ಮಾತಿನ ಮೇಲೆ ಮುನ್ನೂರು ದನ ಹೊಡೆದುಕೊಂಡು ಹೊರಡುತ್ತಾನೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬರೆದೆ. ಬರೆಯುವುದು ನಿಂತರೆ ಅವನು ಬರುವುದೂ ನಿಲ್ಲುತ್ತದೆಂದು ಹೆದರಿದ್ದೆ.

ಎಪ್ಪತ್ತೈದರಲ್ಲಿ ಸಿಕ್ಕಿಂ ಭಾರತಕ್ಕೆ ಸೇರಿತು. ಕಡೂರು ಸಂತೆಯಲ್ಲಿ ಸುದ್ದಿ ಕೇಳಿ ಓಡಿ ಬಂದ. "ನಾವು ಹೊರಡೋದ್ರಾಗೆ ಒಂದು ದೇಶಾನೇ ಹೋಯ್ತಲ್ಲ ಮೇಷ್ಟ್ರೇ! ಬಿರ್ರನೆ ಹೊರಡಾನ, ಇಲ್ದಿದ್ರೆ ಮಿಕ್ಕಿದ್ದೂ ಇರಾಕಿಲ್ಲ." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಹಾಗೆ ನಕ್ಕಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಎಪ್ಪತ್ತೆಂಟರಲ್ಲಿ, ದೀಪಾವಳಿ ಕಳೆದ ವಾರ, ಎರಡು ತಿಂಗಳ ರಜೆ ಮಂಜೂರಾಯಿತೆಂದು ಬಂದ. ಹೊಸ ಕಂಬಳಿ ತಂದಿದ್ದ, ನನಗೂ ಒಂದು. ನನ್ನ ಬರಹ ನಂಬಿಕೊಂಡು ಇವನು ಎಲ್ಲೋ ಬೆಟ್ಟದಲ್ಲಿ ಸತ್ತರೆ?

"ಬೀರಪ್ಪ, ನೋಟ್‌ಬುಕ್ಕಿನಲ್ಲಿರೋ ನೀರು ನಾನು ಕಂಡಿದ್ದಲ್ಲ, ಓದಿದ್ದೂ ಅಲ್ಲ. ಸುಮ್ನೆ ಬರೆದೆ."

"ಎಷ್ಟು ಮಜಲು?"

"ನಲವತ್ತೂ."

ಅವನು ಕಂಬಳಿಯ ಅಂಚು ಸವರುತ್ತ ಕೂತ. ಆಮೇಲೆ ಕೇಳಿದ: "ನೀವು ಬತ್ತೀನಿ ಅಂದಿದ್ದೂ?"

ನಾನು ಭೂಪಟದ ಕಡೆ ಮುಖ ತಿರುಗಿಸಿದೆ. ಅವನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತನ್ನ ಕಂಬಳಿ ಎತ್ತಿಕೊಂಡ, ನನ್ನದನ್ನು ಜಗಲಿಯಲ್ಲೇ ಬಿಟ್ಟು ಹೋದ.

ಎಂಟು ದಿನ ಅವನು ಇತ್ತ ಸುಳಿಯಲಿಲ್ಲ. ಒಂಬತ್ತನೆಯ ದಿನ ನಾನೂ ಎರಡು ತಿಂಗಳ ರಜೆ ಬರೆದುಕೊಟ್ಟು ಅವನ ಗುಡಿಸಲಿಗೆ ಹೋದೆ. ಈ ಸಲ ನಿಜ ಕಣೋ, ಹೊರಡು ಎಂದೆ.

"ನೀವು ಮುಂದೆ ಹೋಗ್ಬನ್ನಿ ಮೇಷ್ಟ್ರೇ. ನೀರು ಎಲ್ಲೆಲ್ಲಿ ಐತೆ ನೋಡ್ಕೊಂಬಂದು ಹೇಳಿ. ಆಮ್ಯಾಕೆ ನಾ ಬತ್ತೀನಿ."

ಅವನು ಹಂಗಿಸಿ ಹೇಳಿದ್ದಲ್ಲ. ಗೊತ್ತಿಲ್ಲದ ದಾರಿಯಾದರೆ ಕಾವಲಿನವರು ಹಾಗೆಯೇ ಒಬ್ಬನನ್ನು ಮುಂದೆ ಕಳಿಸುತ್ತಾರೆ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೆ, ಕಡೂರಿನಲ್ಲಿ ರೈಲನ್ನೂ ಹತ್ತಿದೆ. ದೇವರಾಣೆಗೂ ಹೋಗಲೆಂದೇ ಹತ್ತಿದ್ದು. ಬೀರೂರು ದಾಟುತ್ತಲೇ, ಗುರುತಿನವರು ಒಬ್ಬರೂ ಇಲ್ಲದ ಆ ಡಬ್ಬಿಯಲ್ಲಿ ಮುಂದೆ ಹೋಗಲು ನನಗೆ ಹೆದರಿಕೆಯಾಯಿತು. ಅಜ್ಜಂಪುರ ಬಂತು. ಪ್ರತಿ ರಜೆಗೂ ನಾನು ಇಳಿಯುವ ಸ್ಟೇಷನ್ನು, ಅಕ್ಕ ಮಲ್ಲಿಕಾಂಬಳ ಊರು. ಇಳಿದುಬಿಟ್ಟೆ. ಆ ಎರಡು ತಿಂಗಳೂ ಅಕ್ಕನ ಮನೆಯಲ್ಲಿ ಉಂಡುಕೊಂಡು ಕೂತೆ.

ಹಿಂತಿರುಗಿದಾಗ ಬೀರಪ್ಪ ಜಗಲಿಯಲ್ಲಿ ಕಾಯುತ್ತಿದ್ದ. ನೇಪಾಳದ ಚಳಿ, ಅಲ್ಲಿಯ ಹೊಳೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ.

"ಅಕ್ಕಾರು ಚೆನ್ನಾಗವ್ರಾ ಮೇಷ್ಟ್ರೇ?"

"ಚೆನ್ನಾಗಿದಾಳೆ" ಎಂದೆ.

ತಲೆಯಾಡಿಸಿ ಎದ್ದು ದನದ ಕಡೆ ನಡೆದ. ಆಮೇಲೆ ತರೀಕೆರೆಗೆ ವರ್ಗವಾಗುವವರೆಗೆ ನಾಲ್ಕು ವರ್ಷ ನಾನು ಅಲ್ಲೇ ಇದ್ದೆ. ಎದುರು ಸಿಕ್ಕರೆ ಕೈಮುಗಿಯುತ್ತಿದ್ದ, ಮಳೆಯ ಮಾತಾಡುತ್ತಿದ್ದ. ಜಗಲಿಗೆ ಮಾತ್ರ ಮತ್ತೆ ಬರಲಿಲ್ಲ.