ನನ್ನ ತಂಡಕ್ಕೆ ಭಾವ ಬಿಟ್ಟ ಗಡ್ಡ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಭಾವ ಗಡ್ಡ ಬಿಟ್ಟದ್ದು ನನ್ನ ಹಾಕಿ ತಂಡ ಗೆಲ್ಲಲಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಗಡ್ಡ ನೋಡಿದ ದಿನವೇ ನಾನೇ ತೀರ್ಮಾನ ಮಾಡಿದೆ, ನಾನೇ ಹಿಗ್ಗಿದೆ, ನಾನೇ ಜಗಳೂರಿನಿಂದ ಚನ್ನಗಿರಿಯವರೆಗೆ ಡಂಗುರ ಹೊಡೆದೆ. ಆಮೇಲೆ ಮೋಸ ಹೋದೆ ಎಂದು ಬಾಯಿ ಬಡಿದುಕೊಂಡವನೂ ನಾನೇ. ಹಾಗಂತ ಮೋಸ ಆಗಿಲ್ಲ ಅಂತಲ್ಲ. ಆಗಿದೆ. ಕೇಳಿ.

ನನ್ನ ಹೊಟ್ಟೆಪಾಡು ಬಾಯಿಂದ. ಜಗಳೂರಿನಲ್ಲಿ ಹೊಸ ಅಂಗಡಿ ತೆರೆದರೆ ಆಟೋದಲ್ಲಿ ಮೈಕು ಹಿಡಿದು ಕೂಗುತ್ತೇನೆ. ಬಿಳಿಚೋಡಿನ ಕಡೆ ಕಬಡ್ಡಿ ಟೂರ್ನಮೆಂಟ್ ಇದ್ದರೆ ಕಾಮೆಂಟರಿ ಹೇಳುತ್ತೇನೆ. ಮಿಕ್ಕ ಹೊತ್ತಿನಲ್ಲಿ ಪುಕ್ಕಟೆಯಾಗಿ ಊರವರ ದನಿ ತೆಗೆಯುತ್ತೇನೆ: ಚಿಲ್ಲರೆ ಇಲ್ಲವೆಂದು ರೇಗುವ ಕಂಡಕ್ಟರ್, ತನ್ನ ಕುರಿಗಳಿಗೆ ಮಗನ ಹೆಸರು ಹಿಡಿದು ಬೈಯುವ ಅಜ್ಜ, ಹುಡುಗಿಯರು ಹತ್ತಿರ ಬಂದರೆ ಫೋನಿನಲ್ಲಿ ಯಾರೂ ಇಲ್ಲದಿದ್ದರೂ ಇಂಗ್ಲಿಷ್ ಮಾತಾಡುವ ಹುಡುಗ. ಕೊನೆಯವನು ನಾನೇ. ಅವನ ದನಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ.

ಕಬಡ್ಡಿ ಕಾಮೆಂಟರಿಗೆ ಹೊಸ ವರಸೆ ಬೇಕು ಎಂದು ಫೋನಿನಲ್ಲಿ ಹುಡುಕುತ್ತಿದ್ದಾಗ ಐಸ್ ಹಾಕಿ ಸಿಕ್ಕಿತು. ಕೆನಡಾದ ಕಾಮೆಂಟೇಟರ್ ಒಬ್ಬ ಉಸಿರೇ ಎಳೆದುಕೊಳ್ಳದೆ ಮಾತಾಡುತ್ತಿದ್ದ. ಅವನ ದನಿ ಕದಿಯಲು ಹೋದವನು ಆಟಕ್ಕೇ ಸಿಕ್ಕಿಬಿದ್ದೆ. ಬೂಟಿನ ಅಡಿಗೆ ಕಬ್ಬಿಣದ ಅಲಗು ಕಟ್ಟಿಕೊಂಡು, ಕೋಲು ಹಿಡಿದು, ಒಂದು ಕಪ್ಪು ರಬ್ಬರ್ ಬಿಲ್ಲೆಯ ಹಿಂದೆ ಹಿಮದ ಮೇಲೆ ಓಡುವ ದೈತ್ಯರು. ನಡುವೆ ಇಬ್ಬರಿಗೆ ಜಗಳ ಹತ್ತಿದರೆ ರೆಫರಿ ಪಕ್ಕದಲ್ಲಿ ನಿಂತು ಅವರು ಸುಸ್ತಾಗುವವರೆಗೆ ಕಾಯುತ್ತಾನೆ. ನಮ್ಮ ಕಡೆ ಪಂಚಾಯ್ತಿ ಹಿರಿಯರು ಮಾಡುವುದೂ ಅದನ್ನೇ. ಅದಕ್ಕೇ ಇರಬೇಕು, ನನಗೆ ಪರದೇಶದ ಆಟ ಅನ್ನಿಸಲೇ ಇಲ್ಲ.

ಒಂದು ತಂಡವನ್ನು ನನ್ನದು ಮಾಡಿಕೊಂಡೆ. ಅದು ಕಪ್ ಗೆದ್ದು ಎಷ್ಟು ಕಾಲವಾಯಿತೆಂದರೆ, ಗೆದ್ದಾಗ ಹುಟ್ಟಿದವರಿಗೆ ಈಗ ಮೊಮ್ಮಕ್ಕಳಿದ್ದಾರೆ. ಆದರೆ ನನ್ನ ಕಷ್ಟ ಅದಲ್ಲ. ಜೊತೆಗೆ ನೋಡುವವರಿಲ್ಲ ಎಂಬುದು ಕಷ್ಟ. ಪಂದ್ಯಗಳು ನಮ್ಮ ಬೆಳಗಿನ ಜಾವಕ್ಕೆ ಬರುತ್ತವೆ. ಗೋಲು ಬಿದ್ದಾಗ ಮಹಡಿಯ ಮೇಲೆ ಒಬ್ಬನೇ ಕುಣಿದರೆ ಪಕ್ಕದ ಮನೆಯ ನಾಯಿ ಬೊಗಳುತ್ತದೆ, ಅಷ್ಟೆ. ಗೆಳೆಯರಿಗೆ ತೋರಿಸಿದೆ. “ಐಸ್ ಕ್ಯಾಂಡಿ ಕರಗೋ ಊರಾಗೆ ಐಸ್ ಹಾಕಿ ತಂದೀಯಲ್ಲಪ್ಪ,” ಎಂದು ಮಂಡಕ್ಕಿ ಮುಕ್ಕುತ್ತ ಎದ್ದುಹೋದರು. ಕಬಡ್ಡಿ ಸೋತರೆ ಅಳಲು ನೂರು ಜನ ಇದ್ದಾರೆ. ನನ್ನ ಸೋಲಿಗೆ ಒಬ್ಬನಾದರೂ ಬೇಡವೇ?

ಆ ಒಬ್ಬ ಭಾವ ಎಂದು ನಂಬಿದೆ.

ಅಕ್ಕನನ್ನು ಹೊನ್ನಾಳಿಗೆ ಕೊಟ್ಟಿದ್ದೇವೆ. ಭಾವ ನ್ಯಾಮತಿಯಲ್ಲಿ ಬ್ಯಾಂಕಿನ ಕ್ಯಾಷಿಯರ್. ಮೃದು ಮನುಷ್ಯ. ಹರಿದ ನೋಟು ಕೊಟ್ಟವರಿಗೂ “ಬೇರೆ ಇದ್ರೆ ನೋಡ್ರಿ” ಎನ್ನುವವರು. ನಾನು ಕಳಿಸಿದ ಪ್ರತಿ ಹಾಕಿ ವಿಡಿಯೋಕ್ಕೂ ಹೆಬ್ಬೆರಳು ಎತ್ತಿ ಉತ್ತರ ಕಳಿಸುತ್ತಿದ್ದರು. ಒಂದನ್ನೂ ತಪ್ಪಿಸಿಲ್ಲ. ಜಗತ್ತಿನಲ್ಲಿ ಆ ಹೆಬ್ಬೆರಳೊಂದೇ ನನ್ನ ಬೆಂಬಲಿಗರ ಸಂಘ.

ಅಕ್ಕನ ದಾರಿ ಬೇರೆ. ನನ್ನ ಹಾಕಿ ವಿಡಿಯೋದ ಕೆಳಗೆ ತಾನಾಗಿ ಬಂದ ಫಿಗರ್ ಸ್ಕೇಟಿಂಗ್ ಅವಳಿಗೆ ಹಿಡಿಸಿಬಿಟ್ಟಿತು. ಅದೇ ಹಿಮ, ಅದೇ ಅಲಗಿನ ಬೂಟು, ಆದರೆ ಹೊಡೆದಾಟವಿಲ್ಲ. ಹುಡುಗಿಯೊಬ್ಬಳು ಸಂಗೀತಕ್ಕೆ ಜಾರುತ್ತಾಳೆ, ಗಾಳಿಯಲ್ಲಿ ಬುಗುರಿಯಂತೆ ಸುತ್ತಿ ಒಂದೇ ಕಾಲಲ್ಲಿ ಇಳಿಯುತ್ತಾಳೆ, ಆಮೇಲೆ ಕೋಚ್ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಮಾರ್ಕ್ಸಿಗೆ ಕಾಯುತ್ತಾಳೆ. ನಾನು ಆ ಬೆಂಚನ್ನು ಆಡಿ ತೋರಿಸುತ್ತಿದ್ದೆ: ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾಯುವ ಮಗಳು, ಪಕ್ಕದಲ್ಲಿ ತುಪ್ಪಳದ ಕೋಟು ಹಾಕಿಕೊಂಡ ಅಪ್ಪ. ಅಕ್ಕ ದಿಂಬು ಎಸೆಯುತ್ತಿದ್ದಳು. “ನಿನ್ನ ಹಾಕಿನಾಗೆ ಏನೈತೆ? ಹಲ್ಲಿಲ್ಲದ ಗಂಡಸರು ಒಬ್ಬರನ್ನೊಬ್ಬರು ಗೋಡೆಗೆ ಒತ್ತತಾರೆ.” ಭಾವ ಇಬ್ಬರ ನಡುವೆ ಕೂತು ನಗುತ್ತಿದ್ದರು. ಆ ನಗು ನನ್ನ ಕಡೆಯದು ಎಂದುಕೊಂಡಿದ್ದೆ.

ಈಗ ಗಡ್ಡಕ್ಕೆ ಬರೋಣ. ಹಾಕಿಯಲ್ಲಿ ಕಪ್‌ನ ಕೊನೆಯ ಸುತ್ತುಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಶುರುವಾದ ದಿನದಿಂದ ಆಟಗಾರರು ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಸೋತು ಹೊರಬಿದ್ದರೆ ಇಲ್ಲವೇ ಕಪ್ ಎತ್ತಿದರೆ ಮಾತ್ರ ಬೋಳಿಸುತ್ತಾರೆ. ಅಭಿಮಾನಿಗಳೂ ಹಾಗೇ ಬಿಡುತ್ತಾರಂತೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹರಕೆ. ಕೆನಡಾದವರಿಗೂ ಮನೆದೇವರಿದೆ ಎಂದು ಖುಷಿಯಾಯಿತು. ನಾನೂ ಬಿಟ್ಟೆ. ಬಂದದ್ದು ಜಗಳೂರು ಸೀಮೆಯ ಹುಲ್ಲು: ಅಲ್ಲೊಂದು ಕಡ್ಡಿ, ಇಲ್ಲೊಂದು ಕಡ್ಡಿ, ನಡುವೆ ಬಯಲು. ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಹೆಬ್ಬೆರಳು ಬಂತು.

ಕೆಲವು ವಾರ ಬಿಟ್ಟು ಹೊನ್ನಾಳಿಗೆ ಹೋದರೆ, ಬಾಗಿಲು ತೆಗೆದ ಭಾವನ ಕೆನ್ನೆಯ ಮೇಲೆ ಕಪ್ಪಗೆ, ಸೊಂಪಾಗಿ, ನನ್ನದಕ್ಕಿಂತ ಹತ್ತುಪಟ್ಟು ದಟ್ಟ ಗಡ್ಡ.

“ಭಾವ! ನೀವೂನಾ?” ಎಂದೆ.

ಭಾವ ಅಕ್ಕನ ಮುಖ ನೋಡಿದರು. ಅಕ್ಕ ಒಲೆಯ ಮುಖ ನೋಡಿದಳು.

“ಹ್ಞೂಂ ಅನ್ಕೋ ಮಾರಾಯ,” ಎಂದರು ಭಾವ.

ಅಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಈಗ ನಗಬೇಡಿ. ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ, ಮುಖ ಪರಿಚಯವೂ ಇಲ್ಲದ ಮೆಕ್ಕೆಜೋಳದ ವ್ಯಾಪಾರಿಗೆ ಹೇಳಿದೆ: ನಮ್ಮ ಭಾವ ಅಂದ್ರೆ ಏನಂದ್ಕೊಂಡ್ರಿ, ಬ್ಯಾಂಕಿನಾಗೆ ಕುಂತೂ ಗಡ್ಡ ಬಿಟ್ಟಾರೆ ನಮ್ಮ ಟೀಮಿಗೆ!

ಬ್ಯಾಂಕಿನಲ್ಲಿ ಮ್ಯಾನೇಜರ್ ಕೇಳಿದರಂತೆ, ಇದೇನ್ರಿ ಕ್ಯಾಷಿಯರ್, ಗಿರಾಕಿಗಳು ಹೆದರ್ತಾರೆ ಅಂತ. ಅಕ್ಕ ಫೋನಿನಲ್ಲಿ ಹೇಳಿದ್ದೇ ತಡ, ನ್ಯಾಮತಿಗೆ ಬಸ್ಸು ಹತ್ತಿ ಹೋಗಿ ಆ ಮ್ಯಾನೇಜರ್ ಎದುರು ಕೂತೆ. ಹಾಕಿ, ಕಪ್, ಹರಕೆ ಎಲ್ಲ ಅಭಿನಯ ಸಮೇತ ವಿವರಿಸಿದೆ. ಗೋಲ್‌ಕೀಪರ್ ಬಗ್ಗುವುದನ್ನು ಅವರ ಕುರ್ಚಿ ಹಿಡಿದೇ ಮಾಡಿ ತೋರಿಸಿದೆ. ಮ್ಯಾನೇಜರ್ ನಕ್ಕು, “ಆತು ಬಿಡ್ರಿ, ಆಟ ಮುಗಿಯೋವರೆಗೂ ಇರ್ಲಿ,” ಎಂದರು. ಕೌಂಟರಿನ ಗಾಜಿನ ಹಿಂದೆ ಭಾವ ನೋಟು ಎಣಿಸುತ್ತ ತಲೆ ಎತ್ತಲಿಲ್ಲ. ಸಂಕೋಚದ ಮನುಷ್ಯ ಎಂದುಕೊಂಡೆ.

ಮೇ ತಿಂಗಳಲ್ಲಿ ಚನ್ನಗಿರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ನಾವಿಬ್ಬರೂ ಗಡ್ಡದವರು ಒಟ್ಟಿಗೆ ಪಂಕ್ತಿಯಲ್ಲಿ ಕೂತೆವು. ನನ್ನ ಸೋದರತ್ತೆ ಕೋಸಂಬರಿ ಬಡಿಸುತ್ತ ಬಂದವಳು ಭಾವನ ಗಡ್ಡ ನೋಡಿ ಮೆಲ್ಲಗೆ ನಕ್ಕಳು. ಆಮೇಲೆ ನನ್ನ ಮುಖ ನೋಡಿ ಚಮಚ ಎತ್ತಿ ಹಿಡಿದು ನಿಂತಳು.

“ಅವರದು ಸರಿ. ನಿಂದ್ಯಾಕೋ? ನಿನಗ್ಯಾವಾಕೆ ಬಸುರಿಯಾಗ್ಯಾಳೆ?”

ಪಂಕ್ತಿಯೆಲ್ಲ ನಕ್ಕಿತು. ಹೆಂಡತಿ ಬಸುರಿಯಾದರೆ ಗಂಡ ಗಡ್ಡ ತೆಗೆಯುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತು. ಗೊತ್ತಿದ್ದೂ ನಾನೇನು ಮಾಡಿದೆ? ಎಲೆ ಬಿಟ್ಟು ಎದ್ದು ನಿಂತು, ಕಬಡ್ಡಿ ಕಾಮೆಂಟರಿಯ ದನಿಯಲ್ಲಿ ಇಡೀ ಪಂಕ್ತಿಗೆ ಸಾರಿದೆ: “ಮಹಿಳೆಯರೇ, ಮಹನೀಯರೇ, ಇದು ಬಸುರಿಯ ಗಡ್ಡ ಅಲ್ಲ! ಇದು ಹಾಕಿ ಗಡ್ಡ! ನಮ್ಮ ಭಾವನದೂ ಹಾಕಿ ಗಡ್ಡ!” ಅತ್ತೆ ಅಕ್ಕನ ಕಡೆ ನೋಡಿದಳು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಹಾಸ್ಯಕ್ಕೆ ನಕ್ಕಳೆಂದು ಇನ್ನೆರಡು ಡೈಲಾಗ್ ಹೆಚ್ಚಿಗೆ ಹೊಡೆದೆ.

ನನ್ನ ತಂಡ ಆ ವರ್ಷ ಫೈನಲ್ ಮುಟ್ಟಿತು. ಕೊನೆಯ ಪಂದ್ಯ ಸಮ ಆಗಿ, ಮೊದಲು ಗೋಲು ಹೊಡೆದವರೇ ಗೆಲ್ಲುವ ಹೆಚ್ಚುವರಿ ಸಮಯಕ್ಕೆ ಹೋಯಿತು. ಮಹಡಿಯ ಮೇಲೆ ಬಿಸಿಲು ಏರುತ್ತಿತ್ತು, ಫೋನ್ ಕಾವೇರಿತ್ತು, ಅಮ್ಮ ಕೆಳಗಿಂದ ನೀರು ಬಂದೈತೆ ಕೊಡ ಹಿಡಿ ಎಂದು ಕೂಗುತ್ತಿದ್ದಳು. ಆಗ ಎದುರಾಳಿಯೊಬ್ಬ ಗೋಲು ಹೊಡೆದ. ಯಾರು ಹೊಡೆದದ್ದು? ಹೋದ ವರ್ಷದವರೆಗೆ ನಮ್ಮ ತಂಡದಲ್ಲಿದ್ದವನು! ನನ್ನ ಫೋನಿನ ಪರದೆಯ ಮೇಲೆ ವರ್ಷಾನುಗಟ್ಟಲೆ ನಿಂತಿದ್ದವನು! ಅಲ್ಲಿ ತಂಡದವರು ಆಟಗಾರರನ್ನು ತಮ್ಮತಮ್ಮೊಳಗೆ ಬದಲಾಯಿಸಿಕೊಳ್ಳುತ್ತಾರೆ. ನಮ್ಮೂರ ಮೇಷ್ಟ್ರಿಗೂ ವರ್ಗವಾಗುತ್ತದೆ, ಹಾರ ಹಾಕಿ ಕಳಿಸುತ್ತೇವೆ. ಆದರೆ ಹೋದ ಮೇಷ್ಟ್ರು ಮರುವರ್ಷ ಬಂದು ನಮ್ಮ ಮಕ್ಕಳನ್ನೇ ಹುಡುಕಿ ಫೇಲ್ ಮಾಡುವುದಿಲ್ಲ. ಪಂದ್ಯ ಮುಗಿದ ಮೇಲೆ ಎರಡು ತಂಡಗಳೂ ಸಾಲಾಗಿ ಕೈಕುಲುಕುವ ಪದ್ಧತಿ ಇದೆ. ಅವನು ನಮ್ಮ ಗೋಲ್‌ಕೀಪರನ್ನು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳಿದ. ನಮ್ಮವನು ತಲೆಯಾಡಿಸಿದ. ಆ ತಲೆಯಾಡಿಸಿದ್ದು ನನಗೆ ಗೋಲಿಗಿಂತ ಹೆಚ್ಚು ಉರಿಯಿತು.

ನೇರ ಕಟಿಂಗ್ ಶಾಪಿಗೆ ಹೋದೆ. “ಹರಕೆ ತೀರ್ತಾ?” ಎಂದ ಅಂಗಡಿಯವನು. “ದೇವರೇ ಸೋತ, ತೆಗಿ,” ಎಂದೆ. ಸಿಟ್ಟಿನಲ್ಲಿ ಮೀಸೆಯನ್ನೂ ತೆಗೆಸಿದೆ. ಭಾವನಿಗೆ ಸಂದೇಶ ಕಳಿಸಲಿಲ್ಲ. ಇಂಥ ಸುದ್ದಿ ಮುಖ ನೋಡಿ ಹೇಳಬೇಕು. ದಾವಣಗೆರೆಯಲ್ಲಿ ಬಸ್ ಬದಲಿಸುವಾಗ ಹೊಸದೊಂದು ಶೇವಿಂಗ್ ಸೆಟ್ ಕೊಂಡುಕೊಂಡೆ. ಅವರ ಗಡ್ಡವನ್ನು ನನ್ನ ಕೈಯಾರೆ ತೆಗೆದು, ಇಬ್ಬರೂ ಕೂತು ಅಳುವುದೆಂದು ನನ್ನ ಲೆಕ್ಕ.

ಹೊನ್ನಾಳಿಯ ಮನೆ ಬಾಗಿಲು ತೆರೆದೇ ಇತ್ತು. ಭಾವ ನಿಜಕ್ಕೂ ಅಳುತ್ತಿದ್ದರು. ನನ್ನೆದೆ ಉಬ್ಬಿತು. ಮುಂದಿನ ಕ್ಷಣ ಟಿ.ವಿ. ಕಂಡಿತು. ಯಾವುದೋ ಹಳೆಯ ಸ್ಕೇಟಿಂಗ್ ಸ್ಪರ್ಧೆ, ನೀಲಿ ಬಟ್ಟೆಯ ಹುಡುಗಿ ಬೆಂಚಿನ ಮೇಲೆ ಕೂತು ತನಗೆ ಬಿದ್ದ ಮಾರ್ಕ್ಸ್ ನೋಡುತ್ತಿದ್ದಳು. ಅಕ್ಕ ಹಸಿ ಮಾವಿನಕಾಯಿ ಹೋಳಿಗೆ ಉಪ್ಪುಖಾರ ಹಚ್ಚಿ ತಿನ್ನುತ್ತಿದ್ದಳು.

“ಭಾವ, ಎಲ್ಲಾ ಹೋತಲ್ರಿ,” ಎಂದೆ.

ಭಾವ ತಿರುಗಿ ನನ್ನ ಬೋಳು ಮುಖ, ಇಲ್ಲದ ಮೀಸೆ ನೋಡಿ ಧಡಕ್ಕನೆ ಎದ್ದರು. “ಅಯ್ಯೋ! ಮಾವಾರು ಆರಾಮದಾರಾ?”

“ಅಪ್ಪ ಆರಾಮದಾನೆ. ನಮ್ಮ ಟೀಮು ಹೋತು.”

“ಯಾವ ಟೀಮು?”

ಈ ಎರಡು ಪದ ನನ್ನ ಎದೆಯ ಮೇಲೆ ಇನ್ನೂ ಇವೆ. ಆ ವರ್ಗವಾಗಿ ಹೋದವನ ಗೋಲಿಗೂ ಇಷ್ಟು ನೋವಾಗಿರಲಿಲ್ಲ.

“ನಾನು ಕಳಿಸಿದ್ದೆಲ್ಲ ನೋಡ್ತಿದ್ರಲ್ಲ? ಹೆಬ್ಬೆರಳು ತೋರಿಸ್ತಿದ್ರಲ್ಲ?”

“ಬೆರಳು ತೋರಿಸ್ತಿದ್ದೆ,” ಎಂದರು ಭಾವ ತಪ್ಪಿತಸ್ಥರಂತೆ. “ನೋಡಾಕೆ ಆಗ್ಲಿಲ್ಲ ಕಣೋ. ಆ ಬಿಲ್ಲೆ ನನ್ನ ಕಣ್ಣಿಗೆ ಒಂದು ಸಲಾನೂ ಕಂಡಿಲ್ಲ. ಎಲ್ಲಾರೂ ಕೈ ಎತ್ತಿದ್ಮೇಲೆ ಗೋಲಾತು ಅಂತ ಗೊತ್ತಾಗ್ತೈತೆ. ಇದು ಹಂಗಲ್ಲ ನೋಡು. ಈ ಹುಡುಗಿ ಈಗ ಮುಂದಕ್ಕೆ ಮುಖ ಮಾಡಿ ಹಾರಿದ್ಲಲ್ಲ, ಹಂಗೆ ಹಾರೋದು ಒಂದೇ ಜಿಗಿತ, ಆಕ್ಸೆಲ್ ಅಂತಾರೆ. ಮಿಕ್ಕವೆಲ್ಲ ಹಿಂದಕ್ಕೆ ಜಾರ್ಕೊಂಡು ಹಾರೋವು. ಇಷ್ಟು ಚೆಂದ ಇಳಿದ್ರೂ ಮಾರ್ಕ್ಸ್ ಕಡಿಮೆ ಕೊಟ್ರು, ಅನ್ಯಾಯ.”

ಹಾಕಿಯ ಬಗ್ಗೆ ಈ ಮನುಷ್ಯ ಒಮ್ಮೆಯೂ ಇಷ್ಟುದ್ದ ಮಾತಾಡಿರಲಿಲ್ಲ. ಕಣ್ಣೀರೂ ಎದುರು ಪಕ್ಷದ್ದೇ.

“ಹಂಗಾರೆ ಗಡ್ಡ?” ಎಂದೆ.

ಅಕ್ಕ ಹೋಳು ಕೆಳಗಿಟ್ಟಳು. “ಮದುವಿಯಾದ ಗಂಡಸರು ಗಡ್ಡ ಯಾವಾಗ ಬಿಡ್ತಾರೋ, ಪೆದ್ದ?”

ನಾನು ಗಡ್ಡ ನೋಡಿದೆ. ಮಾವಿನಕಾಯಿ ನೋಡಿದೆ. ಮತ್ತೆ ಗಡ್ಡ ನೋಡಿದೆ. ಅತ್ತೆಯ ನಗು ಚನ್ನಗಿರಿಯಿಂದ ಆಗ ಬಂದು ತಲುಪಿತು.

“ಅಮ್ಮನಿಗೆ ಗೊತ್ತಾ?”

“ಮೊದಲ ದಿನದಿಂದ. ಅಪ್ಪನಿಗೂ ಗೊತ್ತು. ಮೂರು ತಿಂಗಳು ತುಂಬೋವರೆಗೂ ಹೊರಗೆ ಹೇಳಬಾರದು ಅಂದಿದ್ಲು ಅಮ್ಮ. ಇವರ ಗಡ್ಡ ನೋಡಿದ್ರೆ ಊರಿಗೇ ಗೊತ್ತಾಗ್ತಿತ್ತು, ಏನು ಮಾಡಾದು ಅಂತ ಯೋಚನೆ ಮಾಡ್ತಿದ್ವಿ. ಅಷ್ಟರಾಗೆ ನೀನೇ ಬಂದು ಹಾಕಿ ಹಾಕಿ ಅಂತ ಮೂರು ತಾಲ್ಲೂಕಿಗೂ ಸಾರಿದೆ. ಮ್ಯಾನೇಜರ್ ಸೈತ ನಂಬಿದ್ರು.”

ಹಿಗ್ಗಲಿಲ್ಲ ಎಂದರೆ ಸುಳ್ಳಾದೀತು. ಅಕ್ಕನ ಪಾದ ಮುಟ್ಟಬೇಕೆನಿಸಿತು. ಆದರೆ ಸಿಟ್ಟಿಗೆ ಬಗ್ಗಲಿಲ್ಲ. ಇಡೀ ಊರಿನ ಬಾಯಿ ಮುಚ್ಚಲು ನನ್ನ ಬಾಯಿಯನ್ನು ಬಳಸಿದ್ದರು. ನಾನು ಪಂಕ್ತಿಯಲ್ಲಿ ಎದ್ದು ನಿಂತು ಕೂಗಿದಾಗ ಭಾವ ಎಲೆ ನೋಡುತ್ತ ಕೂತಿದ್ದರು. ಒಂದು ಸಲ ಅಂಗಿ ಜಗ್ಗಿ ಕೂರಿಸಬಹುದಿತ್ತು.

“ನನಗೊಬ್ಬನಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ?” ಎಂದೆ. ದನಿ ಒಡೆಯಿತು. ಬೇರೆ ಯಾರದಾದರೂ ದನಿ ಹಾಕಿ ಮುಚ್ಚಿಕೊಳ್ಳೋಣವೆಂದರೆ ಒಂದೂ ಬಾಯಿಗೆ ಬರಲಿಲ್ಲ.

“ನಿನಗೆ ಹೇಳಾದೂ ಆಟೋ ಮೈಕಿಗೆ ಹೇಳಾದೂ ಒಂದೇ,” ಎಂದಳು ಅಕ್ಕ.

ಭಾವ ನನ್ನ ಕೈಯಿಂದ ಶೇವಿಂಗ್ ಸೆಟ್ ತೆಗೆದುಕೊಂಡು, ತಿರುಗಿಸಿ ನೋಡಿ, “ಚೆನ್ನಾಗೈತೆ, ಹೆರಿಗೆಯಾದ್ಮೇಲೆ ಬೇಕಾಗ್ತೈತೆ,” ಎಂದು ಗೂಡಿನಲ್ಲಿಟ್ಟರು. ಆ ಒಳ್ಳೆಯತನ ನೋಡಿ ಇನ್ನಷ್ಟು ಸಿಟ್ಟು ಬಂತು.

“ಅದೆಲ್ಲ ಇರ್ಲಿ ಅಕ್ಕ. ಮುಂದಿನ ವರ್ಷ ನನ್ನ ಜೊತೆ ಆಟ ನೋಡೋರು ಯಾರು? ಇದ್ದೊಬ್ಬ ಭಾವನ್ನೂ ನಿನ್ನ ಕಡೆ ಎಳಕೊಂಡೆ. ಸೋತ್ರೆ ಅಳಾಕೆ ನನಗೆ ಯಾರದಾರೆ?”

ಟಿ.ವಿ.ಯಲ್ಲಿ ಮುಂದಿನ ಹುಡುಗಿ ಹಿಮಕ್ಕೆ ಇಳಿಯುತ್ತಿದ್ದಳು. ಅಕ್ಕ ಅತ್ತಲಿಂದ ಕಣ್ಣು ತೆಗೆಯದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು:

“ಯಾಕೆ ಅಳ್ತೀಯ, ಇದು ಹುಟ್ಟಿ, ಬೆಳೆದು, ಕಾಲೇಜು ಮುಗಿಸಿ ನಿನ್ನ ಪಕ್ಕ ಬಂದು ಕುಂದ್ರೋ ಹೊತ್ತಿಗೂ ನಿನ್ನ ಟೀಮು ಗೆದ್ದಿರಾಕಿಲ್ಲ.”