ಆರು ತಟ್ಟಿಗಳು

ಹುಬ್ಬಳ್ಳಿಯಲ್ಲಿ ಇಲಿ ಬೀಳತೊಡಗಿದವೆಂದರೆ ಊರು ಖಾಲಿಯಾಗುತ್ತಿದ್ದ ಕಾಲ ಅದು. ಪ್ಲೇಗು ಪ್ರತಿ ವರ್ಷ ಬರುತ್ತಿತ್ತೆಂದಲ್ಲ. ಆದರೂ ದಸರೆ ಮುಗಿದು ಚಳಿ ಶುರುವಾಯಿತೆಂದರೆ ಹೆಂಗಸರು ಬೆಳಿಗ್ಗೆ ಕಸ ಹೊಡೆಯುವ ಮೊದಲು ಮೂಲೆ ಮೂಲೆ ನೋಡುತ್ತಿದ್ದರು. ಸತ್ತ ಇಲಿ ಒಂದು ಕಂಡರೆ ಸಾಕು, ಹಾಸಿಗೆ ಪಾತ್ರೆಗಳನ್ನು ಗಾಡಿಗೆ ಹೇರಿಕೊಂಡು ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿ, ರೋಗ ಇಳಿಯುವತನಕ ಅಲ್ಲೇ ಇರಬೇಕು.

ನಾನಾಗ ಕನ್ನಡ ಸಾಲೆಯ ಮಾಸ್ತರ. ದುರ್ಗದಬೈಲಿನ ಹಿಂದಿನ ಒಂದು ಸಣ್ಣ ಓಣಿಯಲ್ಲಿ ನಮ್ಮ ಮನೆ. ಒಟ್ಟು ಹನ್ನೊಂದು ಮನೆಗಳು. ನಮ್ಮಂಥ ಲಿಂಗವಂತರವು ಏಳು, ಸಾಬರವು ನಾಲ್ಕು. ಓಣಿಯಲ್ಲಿ ಬರೆಯಬಲ್ಲವನೆಂದರೆ ನಾನು. ಯಾರಿಗೆ ಏನು ಅರ್ಜಿ ಬೇಕಾದರೂ ನನ್ನ ಹತ್ತಿರ ಬರುತ್ತಿದ್ದರು, ನಾನೂ ಅದನ್ನು ಖುಷಿಯಿಂದಲೇ ಮಾಡುತ್ತಿದ್ದೆ.

ಒಂದು ವರ್ಷ ಇಲಿ ಬಿದ್ದಾಗ, ಸರಕಾರದವರು ಬಯಲಿನಲ್ಲಿ ತಗಡಿನ ಶೆಡ್ಡು ಹಾಕಿಸಿಕೊಡುತ್ತಾರೆಂದು ಡಂಗುರ ಹೊಡೆದರು. ನಮ್ಮ ಓಣಿಗೂ ಶೆಡ್ಡು ಬೇಕೆಂದು ನಾನು ಅರ್ಜಿ ಬರೆದೆ. ಎಲ್ಲರೂ ಅದನ್ನೇ ನಂಬಿ ಕುಳಿತರು. ಹದಿನೈದು ದಿನವಾದರೂ ಒಂದು ತಗಡು ಬರಲಿಲ್ಲ. ಬಿದಿರ ತಟ್ಟಿಗಳನ್ನಾದರೂ ಕೊಂಡುಕೊಳ್ಳೋಣವೆಂದರೆ ಅಷ್ಟರಲ್ಲಿ ತಟ್ಟಿ ಹೆಣೆಯುವ ಮೇದಾರರೂ ಊರು ಬಿಟ್ಟಿದ್ದರು. ಆ ಹದಿನೈದು ದಿನಗಳಲ್ಲಿ ನಮ್ಮ ಓಣಿಯಲ್ಲಿ ಇಬ್ಬರು ತೀರಿಕೊಂಡರು. ಒಬ್ಬಳು ಬಾಣಂತಿ, ಒಬ್ಬರು ನಮ್ಮ ಎದುರುಮನೆಯ ಹತ್ತಿ ದಲಾಲರು.

ಕೊನೆಗೆ ಸಿಕ್ಕ ಚಾಪೆ, ಕೌದಿಗಳನ್ನೇ ಕಟ್ಟಿಕೊಂಡು ಹೊಲದಲ್ಲಿ ದಿನ ಕಳೆದೆವು. ಊರಿಗೆ ಮರಳಿದ ಮೇಲೆ ಓಣಿಯವರನ್ನೆಲ್ಲ ಕೂಡಿಸಿದವರು ಕೊನೆಯ ಮನೆಯ ಕಲಾಯಿ ಸಾಬರು. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ದುರ್ಗದಬೈಲಿನಲ್ಲಿ ಸಣ್ಣ ಅಂಗಡಿ ಇತ್ತು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಮಾತು ಕಡಿಮೆ.

"ಇನ್ನ ಯಾರ ದಾರೀನೂ ನೋಡೂದು ಬ್ಯಾಡ," ಎಂದರು ಅವರು. "ಒಂದ ಗುಡಿಸಲಕ್ಕ ಆರ ತಟ್ಟಿ ಸಾಕು. ಮಳಿಗಾಲದ ಮೊದಲ ಮನಿಗೆ ಆರಾರು ತಂದು ಒಂದ ಕಡೆ ಇಡೂಣು. ಗಳ, ಹಗ್ಗ ಎಲ್ಲಾ ತಯಾರ ಇರ್ಲಿ. ಇಲಿ ಬಿದ್ದ ದಿನಾನ ಹೊಂಟಬಿಡೂಣು."

ಪ್ರತಿ ಮನೆಯ ತಟ್ಟಿಗೂ ಗುರುತು ಹಾಕಬೇಕೆಂದು ಯಾರೋ ಅಂದರು. ಸಾಬರು ಒಪ್ಪಲಿಲ್ಲ. "ಗುರ್ತು ಹಾಕಿದ್ರ ನಂದು ಛಲೋ ಐತಿ, ನಿಂದು ಹರದೈತಿ ಅಂತ ಜಗಳ ಬರತಾವ. ಎಲ್ಲಾ ಓಣೀವು."

ಎಲ್ಲಿ ಇಡುವುದೆಂಬ ಮಾತು ಬಂದಾಗ ಅವರೇ ನನ್ನ ಕಡೆ ನೋಡಿದರು. "ಮಾಸ್ತರ ಮನೀ ಅಟ್ಟ ಒಣಾ ಐತಿ. ಮಾಸ್ತರ ಕಡೆ ಇದ್ರ ಯಾರಿಗೂ ಚಿಂತಿ ಇಲ್ಲ."

ಅರವತ್ತಾರು ತಟ್ಟಿಗಳು, ಗಳಗಳು, ಪುಂಡಿ ನಾರಿನ ಹಗ್ಗದ ಸುರುಳಿಗಳು ನಮ್ಮ ಅಟ್ಟ ಸೇರಿದವು. ಸಂಜೆ ಸಾಲೆಯಿಂದ ಬಂದವನು ಒಮ್ಮೆ ಏಣಿ ಹತ್ತಿ ಅವನ್ನು ನೋಡಿ ಇಳಿಯುತ್ತಿದ್ದೆ. ಇಡೀ ಓಣಿಯ ಜೀವ ನನ್ನ ಮನೆಯಲ್ಲಿದೆ ಎನ್ನಿಸಿ ಹೆಮ್ಮೆಯಾಗುತ್ತಿತ್ತು. ಆ ವರ್ಷ ಪ್ಲೇಗು ಬರಲಿಲ್ಲ.

ಮರುವರ್ಷ ವೈಶಾಖದಲ್ಲಿ ನನ್ನ ಹೆಂಡತಿಯ ತಮ್ಮನ ಮದುವೆ ಗೊತ್ತಾಯಿತು. ಅವಳ ತವರು ಶಿರಗುಪ್ಪಿ. ನಮ್ಮ ಮಾವನವರು ಹೊಲಮನೆ ಇದ್ದ ಕುಳ. ಮದುವೆಗೆ ನಾಲ್ಕು ದಿನ ಮುಂಚೆ ಗಾಡಿ ಹೊಡೆದುಕೊಂಡು ಸಂತೆಗೆ ಬಂದವರು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತರು. ಊಟ ಮಾಡುತ್ತ ಅಟ್ಟದ ಕಡೆ ನೋಡಿ, "ಏನ್ರಿ ಅಳಿಯಂದಿರ, ಇಷ್ಟ ತಟ್ಟಿ ಕೂಡಿಸೀರಿ? ನಮ್ಮ ಹಂದರಕ್ಕ ಹನ್ನೆರಡ ಕಮ್ಮಿ ಬಿದ್ದಾವ" ಎಂದರು.

ಅವು ನನ್ನವಲ್ಲ ಎಂದು ಹೇಳಬೇಕಾಗಿತ್ತು. ಅಷ್ಟೇ ಸಾಕಿತ್ತು. ಆದರೆ ಅವರೆದುರು ನಾನು ಯಾವಾಗಲೂ ಸಣ್ಣವನಾಗಿಯೇ ಇದ್ದೆ. ಬಡ ಮಾಸ್ತರನಿಗೆ ಮಗಳನ್ನು ಕೊಟ್ಟೆವೆಂಬ ಮಾತು ಅವರ ಮನೆಯಲ್ಲಿ ಆಗಾಗ ಕೇಳಿಬರುತ್ತಿತ್ತು. ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಒಯ್ರಿ, ಅದಕ್ಕೇನು," ಎಂದುಬಿಟ್ಟೆ. "ಎಂಟ ದಿನದಾಗ ಕಳಸಿಕೊಡ್ರಿ."

ಹೆಂಡತಿ ಬಡಿಸುತ್ತಿದ್ದವಳು ನನ್ನ ಮುಖ ನೋಡಿದಳು.

ಮದುವೆ ಆಯಿತು. ಹದಿನೈದು ದಿನದ ಮೇಲೆ ಆರು ತಟ್ಟಿ ಮರಳಿ ಬಂದವು. ಉಳಿದ ಆರನ್ನು ಕೇಳಲು ನಾನೇ ಶಿರಗುಪ್ಪಿಗೆ ಹೋದೆ. ನೋಡಿದರೆ ಅವನ್ನು ಹಿತ್ತಲಿನ ಮೇವಿನ ಬಣವೆಗೆ ಹೊದಿಸಿದ್ದರು. "ಮಳಿ ಬರೂ ಹಂಗಾತು, ಹೊದಿಸೇವಿ. ನಾಳೆ ನಾಡದ ಕಳಸ್ತೇನಿ" ಎಂದರು ಮಾವನವರು. ಇನ್ನೊಂದು ಸಲ ಹೋದಾಗಲೂ ಅದೇ ಮಾತು. ಮೂರನೆಯ ಸಲ ಕೇಳಲು ನನಗೆ ನಾಚಿಕೆಯಾಯಿತು. ಆಷಾಢದ ಮಳೆಯಲ್ಲಿ ಆ ತಟ್ಟಿಗಳು ಕೊಳೆತು ಹೋದವು. ಹೊಸವನ್ನು ಕೊಂಡು ಅಟ್ಟದ ಮೇಲಿಟ್ಟರಾಯಿತು ಎಂದುಕೊಂಡೆ. ಈ ತಿಂಗಳು ಅಂದೆ, ಬರುವ ತಿಂಗಳು ಅಂದೆ. ಹೋದ ವರ್ಷ ಬರದ ರೋಗ ಈ ವರ್ಷವೂ ಬರಲಿಕ್ಕಿಲ್ಲವೆಂದು ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು.

ದೀಪಾವಳಿಗೆ ಇನ್ನೂ ವಾರವಿರುವಾಗ ನಮ್ಮದೇ ಬಚ್ಚಲಿನಲ್ಲಿ ಇಲಿ ಬಿತ್ತು.

ಓಣಿಯವರು ಗಾಬರಿಯಾಗಲಿಲ್ಲ. ಗಾಡಿಗಳನ್ನು ಗೊತ್ತು ಮಾಡಿದ್ದು ಕಲಾಯಿ ಸಾಬರು, ಹೊಲದ ಗೌಡರನ್ನು ಕಂಡು ಜಾಗ ಕೇಳಿದ್ದೂ ಅವರೇ. ನಾನು ಅಟ್ಟದ ಮೇಲೆ ನಿಂತು ಆರಾರು ತಟ್ಟಿಗಳನ್ನು ಕೆಳಗೆ ಇಳಿಸುತ್ತ ಹೋದೆ. ಮೊದಲ ಗಾಡಿಗೆ ನನ್ನ ಹೆಂಡತಿ ನಮ್ಮವನ್ನು ಹೇರಿಸಿದಳು. ನಾನು ಬೇಡವೆನ್ನಲಿಲ್ಲ. ಕೂಸು ಇದ್ದ ಮನೆಯವರು, ಮುದುಕರಿದ್ದ ಮನೆಯವರು ಹೋದರು. ಸಾಬರು ಎಲ್ಲರನ್ನೂ ಕಳಿಸಿ, ಕೊನೆಗೆ ತಮ್ಮ ತಾಯಿಯನ್ನು ನಮ್ಮ ಕಟ್ಟೆಯ ಮೇಲೆ ಕೂಡಿಸಿ ಏಣಿಯ ಬುಡಕ್ಕೆ ಬಂದರು. ಆ ಮುದುಕಿಯನ್ನು ಓಣಿಯವರೆಲ್ಲ ಸಾಬರ ಮಕ್ಕಳಂತೆ ದಾದಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದೆವು.

"ಕೊಡ್ರಿ ಮಾಸ್ತರ, ನಮ್ಮವ ಉಳದಾವ."

ಅಟ್ಟದ ಮೇಲೆ ಏನೂ ಉಳಿದಿರಲಿಲ್ಲ.

"ಗೆದ್ದಲ ಹತ್ತಿತ್ತರಿ ಸಾಬರ," ಎಂದೆ. "ಆರ ತಟ್ಟಿ ಪುಡಿಪುಡಿ ಆಗಿದ್ದುವು. ಒಗದಬಿಟ್ಟೆ."

"ಗೆದ್ದಲಾ?" ಅವರು ಅಟ್ಟದ ತೊಲೆಗಳನ್ನು ನೋಡಿದರು. ತೊಲೆಗಳು ನೆಟ್ಟಗಿದ್ದವು. "ಇರ್ಲಿ ಬಿಡ್ರಿ. ನೀವರ ಏನ ಮಾಡತೀರಿ" ಎಂದರು.

ಹೊಲದಲ್ಲಿ ಅವರು ಗೋಣಿಚೀಲ, ಕೌದಿಗಳನ್ನು ಗಳಕ್ಕೆ ಕಟ್ಟಿ ಬೇವಿನ ಮರದ ಕೆಳಗೆ ಒಂದು ಮರೆ ಮಾಡಿಕೊಂಡರು. ಅವರ ಹೆಂಡತಿ, ಹೆಣ್ಣುಮಕ್ಕಳಿಗೆ ಬೇರೆ ಸಾಬರ ಗುಡಿಸಲಿನಲ್ಲಿ ಜಾಗ ಸಿಕ್ಕಿತು. ದಾದಿಗೆ ದಮ್ಮು, ಸದಾ ಕೆಮ್ಮು. ಇನ್ನೊಬ್ಬರ ಗುಡಿಸಲಿನಲ್ಲಿ ಕೆಮ್ಮುತ್ತ ಮಲಗಲು ಆಕೆ ಒಪ್ಪದೆ ಮಗನ ಜೊತೆ ಮರದ ಕೆಳಗೇ ಉಳಿದಳು. ನಮ್ಮ ಗುಡಿಸಲು ಇಪ್ಪತ್ತು ಹೆಜ್ಜೆ ದೂರವಿತ್ತು. ನಾವಿದ್ದದ್ದು ಇಬ್ಬರೇ. ಕರೆಯಬೇಕೆಂದು ನನಗೆ ಅನ್ನಿಸಲಿಲ್ಲವೆಂದರೆ ಸುಳ್ಳು. ಮಡಿಮೈಲಿಗೆ, ನೆರೆಯವರು ಏನೆನ್ನುತ್ತಾರೆ ಎಂದೆಲ್ಲ ಹೆಂಡತಿಯ ಹೆಸರಿನಲ್ಲಿ ನಾನೇ ನೆಪ ಹುಡುಕಿಕೊಂಡೆ. ನಿಜವೇನೆಂದರೆ ಆ ಮುದುಕಿ ನನ್ನ ಕಣ್ಣೆದುರು ಇರುವುದು ನನಗೆ ಬೇಡವಾಗಿತ್ತು.

ಚಳಿ ಜೋರಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ದಾದಿ ಮರದ ಕೆಳಗೆ ಇರಲಿಲ್ಲ. "ನನ್ನ ಮನೀ ಗ್ವಾಡಿ ಬೆಚ್ಚಗ ಅದಾವ, ಈ ವಯಸ್ಸಿನಾಗ ನನಗೇನ ಪ್ಲೇಗು" ಎಂದು ದಾರಿಯಲ್ಲಿ ಹಾಲಿನವಳಿಗೆ ಹೇಳಿ ಕೋಲೂರಿಕೊಂಡು ಊರಿಗೆ ನಡೆದುಬಿಟ್ಟಿದ್ದಳು. ಸಾಬರು ಹೋಗಿ ಕರೆದರು, ಬರಲಿಲ್ಲ. ದಿನಾ ರೊಟ್ಟಿ ಒಯ್ದು ಕೊಟ್ಟರು. ಐದಾರು ದಿನಕ್ಕೆ ಜ್ವರ ಬಂತು, ಬಗಲಲ್ಲಿ ಗಡ್ಡೆ ಎದ್ದಿತು, ಎರಡು ದಿನದಲ್ಲಿ ತೀರಿಕೊಂಡಳು.

ಊರಲ್ಲಿ ಹೊರಲು ಜನ ಇರಲಿಲ್ಲ. ನಾನು ಹೋದೆ. ನಾಲ್ಕು ಜನರಲ್ಲಿ ಒಬ್ಬನಾಗಿ ಹೆಗಲು ಕೊಟ್ಟೆ. ಮುದುಕಿ ಹಗುರಾಗಿದ್ದಳು. ಮಣ್ಣು ಮಾಡಿ ಬಂದ ಮೇಲೆ ಸಾಬರು ನನ್ನ ಎರಡೂ ಕೈ ಹಿಡಿದುಕೊಂಡು, "ಪ್ಲೇಗಿನ ಹೆಣಕ್ಕ ಮಾಸ್ತರ ಹೆಗಲ ಕೊಟ್ರು. ನಮ್ಮ ಮಂದೀನ ಬರ್ಲಿಲ್ಲ. ಸಾಯೂತನಕ ಮರಿಯಂಗಿಲ್ಲ" ಎಂದರು. ಮರುದಿನ ಇಡೀ ಹೊಲದ ತುಂಬ ಅದೇ ಮಾತು. ನಾನು ಸುಮ್ಮನೆ ಕೇಳಿಸಿಕೊಂಡೆ.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ವಾರದ ಮೇಲೆ ಹಿರಿಯರು ಕೂಡಿ, ಸರಕಾರಕ್ಕೆ ಒಂದು ಖಡಕ್ಕಾದ ಅರ್ಜಿ ಬರೆಯಬೇಕೆಂದರು. ನಾನು ಬರೆದೆ. ಶೆಡ್ಡು ಹಾಕಿಸಿಕೊಡದ ಕಾರಣ ಒಬ್ಬ ವೃದ್ಧೆ ಚಳಿಯಲ್ಲಿ ನಡುಗಿ, ಗತಿಯಿಲ್ಲದೆ ರೋಗದ ಮನೆಗೆ ಮರಳಿ ಪ್ರಾಣ ಬಿಟ್ಟಳೆಂದು ಬರೆದೆ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂತು. ಓದಿ ಹೇಳಿದಾಗ ಹೆಂಗಸರು ಅತ್ತರು. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಕಲಾಯಿ ಸಾಬರಿಗೆ ಉರ್ದು ಸಹಿ ಬರುತ್ತಿತ್ತು. ಅವರು ಲೇಖನಿ ಹಿಡಿದು ತಡೆದರು.

"ಮಾಸ್ತರ, ಗೆದ್ದಲ ತಿಂದದ್ದ ಬರದಿಲ್ಲಲ್ರಿ?"

"ಅದ ಯಾಕ ಬೇಕರಿ ಇದರಾಗ?"

"ನಮ್ಮ ಕಡೆ ತಟ್ಟಿ ಇದ್ದುವು, ಹಾಳಾದುವು. ಅದೂ ಖರೇನ ಅಲ್ರಿ? ಎಲ್ಲಾ ಅವರ ತಲಿಮ್ಯಾಲ ಹಾಕೂದು ಬರೋಬರಿ ಅಲ್ಲ."

"ಅದನ್ನ ಬರದ್ರ ಅರ್ಜಿ ಸಡ್ಲ ಆಗತೈತಿ," ಎಂದೆ.

ಅವರು ನನ್ನನ್ನು ನೋಡಿ, ಸಹಿ ಮಾಡಿದರು. ಅರ್ಜಿ ಹೋಯಿತು. ಉತ್ತರ ಬರಲಿಲ್ಲ.

ಮಾಘದಲ್ಲಿ ಊರಿಗೆ ಮರಳಿದೆವು. ಯುಗಾದಿಯ ನಂತರ ತಟ್ಟಿಗಳ ಮಾತು ಮತ್ತೆ ಬಂತು. ಎಲ್ಲರೂ ನನ್ನ ಅಟ್ಟದ ಹೆಸರನ್ನೇ ಹೇಳಿದರು. "ನಮ್ಮ ಅಟ್ಟ ಬ್ಯಾಡ್ರಿ, ಗೆದ್ದಲ ಅದಾವ" ಎಂದೆ, ಎರಡನೆಯ ಸಲ. ಮರುದಿನ ಸಾಲೆ ಬಿಟ್ಟ ಮೇಲೆ ಸೀದಾ ಸಾಬರ ಅಂಗಡಿಗೆ ಹೋದೆ. ಅವರು ಒಂದು ದೊಡ್ಡ ಹಂಡೆಯನ್ನು ಬೆಂಕಿಯ ಮೇಲೆ ತಿರುಗಿಸುತ್ತ ಅರಿವೆಯಿಂದ ತವರ ಸವರುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮಾವನವರ ಊಟ, ಹಂದರ, ಬಣವೆ, ಎಲ್ಲ.

ಅವರ ಕೈ ನಿಂತಿತು. ಹಂಡೆಯನ್ನು ಇಳಿಸಿ, ಕೆಂಡಗಳನ್ನು ಒಂದೊಂದಾಗಿ ಬೂದಿಯಲ್ಲಿ ಮುಚ್ಚಿದರು. ಬೈಯುತ್ತಾರೆಂದು ಕಾದೆ. ಬೈದರೆ ಚೆನ್ನಾಗಿತ್ತು.

"ಅವತ್ತ ಹೇಳಬೇಕಾಗಿತ್ರಿ," ಎಂದರು ಕೊನೆಗೆ. "ತಟ್ಟಿ ಹ್ವಾದುವು, ಹ್ವಾದುವು. ನನ್ನ ತಪ್ಪಾತು ಅಂತ ಅಂದಿದ್ರ, ನಿಮ್ಮ ಗುಡಿಸಲದಾಗ ನಮ್ಮವ್ವಗ ಒಂದ ಮೂಲಿ ಕೊಡ್ರಿ ಅಂತ ನಾ ಕೇಳತಿದ್ದೆ. ನೀವು ಇಲ್ಲ ಅನ್ನತಿರ್ಲಿಲ್ಲ. ಗೆದ್ದಲ ಅಂದ್ರಿ. ಗೆದ್ದಲಕ್ಕ ನಾ ಏನಂತ ಕೇಳ್ಲಿ?"

ಇವತ್ತೇ ಓಣಿಯವರನ್ನು ಕೂಡಿಸಿ ಎಲ್ಲರೆದುರು ಹೇಳುತ್ತೇನೆ ಎಂದೆ.

"ಬ್ಯಾಡ." ಅವರ ದನಿ ಮೊದಲ ಸಲ ಬಿರುಸಾಯಿತು. "ಹೇಳಿ ನೀವ ಹಗರ ಆಗತೀರಿ. ಓಣಿ ಒಡೀತೈತಿ. ಮಾಸ್ತರನ ಹಿಂಗ ಮಾಡಿದ್ರ ಇನ್ನ ಯಾರನ ನಂಬೂದು ಅಂತ, ತಮ್ಮ ತಮ್ಮ ತಟ್ಟಿ ತಮ್ಮ ತಮ್ಮ ಮನ್ಯಾಗ ಇಟಗೋತಾರ. ಇಲ್ಲದವರು ಏನ ಮಾಡಬೇಕು? ತಟ್ಟಿ ನನ್ನ ಮನ್ಯಾಗ ಇರ್ಲಿ. ನೀವು ಆರ ತಂದು ಹಾಕ್ರಿ. ಮತ್ತ ಈ ಮಾತು ಎತ್ತಬ್ಯಾಡ್ರಿ."

ಹಾಗೇ ಆಯಿತು. ಓಣಿಯಲ್ಲಿ ನನ್ನ ಮರ್ಯಾದೆ ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ. ಪ್ಲೇಗಿನ ಹೆಣಕ್ಕೆ ಹೆಗಲು ಕೊಟ್ಟ ಮಾಸ್ತರನೆಂದು ಹೊಸ ಬಾಡಿಗೆಯವರಿಗೂ ನನ್ನನ್ನು ತೋರಿಸುತ್ತಿದ್ದರು. ಪ್ರತಿ ಸಲವೂ ನಾನು ಬೇರೆ ಕಡೆ ನೋಡುತ್ತಿದ್ದೆ. ಅವರು ಅದನ್ನು ವಿನಯವೆಂದುಕೊಳ್ಳುತ್ತಿದ್ದರು.

ಎರಡು ವರ್ಷದ ಮೇಲೆ ಮತ್ತೆ ಇಲಿ ಬಿದ್ದವು. ತಟ್ಟಿಗಳೆಲ್ಲ ಸರಿಯಾಗಿದ್ದವು. ಹನ್ನೊಂದು ಗುಡಿಸಲುಗಳೂ ಒಂದೇ ಮಧ್ಯಾಹ್ನದಲ್ಲಿ ಎದ್ದವು. ಓಣಿಯಲ್ಲಿ ಒಬ್ಬರೂ ಸಾಯಲಿಲ್ಲ. ನನಗೆ ಮೊದಲಿಂದಲೂ ಹಗ್ಗ ಬಿಗಿಯಾಗಿ ಕಟ್ಟಲು ಬರದು. ನಾನು ಒದ್ದಾಡುವುದನ್ನು ಕಂಡು ಸಾಬರು ತಮ್ಮ ಗುಡಿಸಲನ್ನು ಅರ್ಧಕ್ಕೆ ಬಿಟ್ಟು ಬಂದರು.

"ಗಳಾ ಬಿಗಿ ಹಿಡೀರಿ ಮಾಸ್ತರ," ಎಂದರು. ನಾನು ಹಿಡಿದು ನಿಂತೆ. ಅವರು ಒಂದೊಂದೇ ತಟ್ಟಿಯನ್ನು ಎತ್ತಿ ಕಟ್ಟುತ್ತ ಹೋದರು. ಆರನೆಯದನ್ನು ಕಟ್ಟಿ ಮುಗಿಸುವವರೆಗೂ ನನಗೆ ಅವರ ಮುಖ ನೋಡಲಾಗಲಿಲ್ಲ.