ಬೆವರು ಹೋದ ಜಾಗ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಹಿರೇಹಡಗಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ದೆವ್ವ, ಗಾಳಿ, ದೃಷ್ಟಿ ಅಂತ ಬಾಯಿ ಬಿಟ್ಟರೆ ಸಾಕು, ಬೋರ್ಡಿನ ಮುಂದೆ ನಿಲ್ಲಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ತಮಗಾದ ವಿಚಿತ್ರ ಹೇಳಲು ಶುರು ಮಾಡಿದರೆ ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವೂ ಎದ್ದು ಹೋಗುವುದಾದರೆ ಹೋಗಿ, ನನಗೇನೂ ಬೇಜಾರಿಲ್ಲ.

ವಿಷಯ ನನ್ನ ಅಂಗೈಯದು. ಬುದ್ಧಿ ಬಂದಾಗಿನಿಂದ ನನ್ನ ಎರಡೂ ಅಂಗೈ ಬೆವರುತ್ತಿದ್ದವು. ಬೇಸಿಗೆ, ಚಳಿ ಎಂದಿಲ್ಲ, ತೊಟ್ಟಿಕ್ಕುವಷ್ಟು. ಪರೀಕ್ಷೆಯಲ್ಲಿ ಕೈಯ ಕೆಳಗೆ ಕರ್ಚೀಫು ಹಾಸಿಕೊಂಡು ಬರೆಯುತ್ತಿದ್ದೆ. ಕೂಡ್ಲಿಗಿಯ ತವರಿನಲ್ಲಿ ಇದೊಂದು ದೊಡ್ಡ ಮಾತೇ ಆಗಿರಲಿಲ್ಲ. ಆದರೆ ನನ್ನನ್ನು ಕೊಟ್ಟಿದ್ದು ಹೂವಿನಹಡಗಲಿಯ ಮಲ್ಲಿಗೆ ವ್ಯಾಪಾರದ ಮನೆಗೆ. ಅಲ್ಲಿ ಮಧ್ಯಾಹ್ನವಾದರೆ ಪಡಸಾಲೆಯಲ್ಲಿ ಮೊಗ್ಗಿನ ರಾಶಿ ಬೀಳುತ್ತದೆ. ಮನೆಯ ಹೆಂಗಸರೆಲ್ಲ ಸುತ್ತ ಕೂತು, ನೆನೆಸಿದ ಬಾಳೆ ನಾರಿನಲ್ಲಿ ಕಟ್ಟಬೇಕು. ಹೊಸದರಲ್ಲಿ ನಾನೂ ಕೂತೆ. ಎಲ್ಲರ ಮಾಲೆಯೂ ಬೆಳ್ಳಗಿತ್ತು, ನಾನು ಕಟ್ಟಿದ್ದು ಮಾತ್ರ ಸಂಜೆಯೊಳಗೆ ಕಂದಿ ಕೆಂಪಾಯಿತು. ಅತ್ತೆ ನನ್ನ ಮುಂದಿನ ಬುಟ್ಟಿ ಎಳೆದುಕೊಂಡು, "ನಿನ್ನ ಕೈಯಾಗಿನ ಉಪ್ಪಿಗೆ ಹೂವು ಸಾಯ್ತಾವು. ನೀ ಸಾಲಿ ಕಲಿಸಾಕ ಹೋಗವ್ವ," ಎಂದರು. ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದು ಅಂದರು. ಅದಕ್ಕೇ ಜಾಸ್ತಿ ಉರಿಯಿತು.

ಆಮೇಲೆ ಬಂದವಳು ಕೊಟ್ರಮ್ಮ, ನನ್ನ ಮೈದುನನ ಹೆಂಡತಿ, ಕೊಟ್ಟೂರಿನ ಹುಡುಗಿ. ಅವಳ ಕೈ ಎಂದರೆ ಕೈ. ಉರಿಬಿಸಿಲಿನಲ್ಲೂ ಒಣಗಿ ತಣ್ಣಗಿರುತ್ತಿದ್ದವು. ಅವಳು ಕಟ್ಟಿದ ಹೂವು ಮರುದಿನವೂ ಬಾಡುತ್ತಿರಲಿಲ್ಲ ಎಂದು ಹರಪನಹಳ್ಳಿಯ ಗಿರಾಕಿಗಳು ಹೇಳಿ ಕಳಿಸುತ್ತಿದ್ದರು. ಅತ್ತೆಯಂತೂ ಅವಳ ಕೈ ಹಿಡಿದು ಬಂದವರಿಗೆಲ್ಲ ತೋರಿಸುವುದೇ ಆಯಿತು. ನನಗೆ ಹೊಟ್ಟೆಕಿಚ್ಚು. ಅದನ್ನೇನು ಮುಚ್ಚಿಡುವುದು? ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನು ಆ ಪಡಸಾಲೆಯಲ್ಲಿ ಯಾರಿಗೂ ಬೇಡವಾದ ಹೆಂಗಸು.

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಒಬ್ಬಳೇ ಮಗಳು ಅಕ್ಷತಾಗೆ ಬೆಳಿಗ್ಗೆ ಶಾಲೆಗೆ ಜಡೆ ಹಾಕುವವಳು ನಾನು. ಎಡಗೈಯನ್ನು ಅವಳ ಕತ್ತಿನ ಹಿಂದೆ ಒತ್ತಿ ತಲೆ ನೆಟ್ಟಗೆ ಹಿಡಿದು ಬಾಚುತ್ತಿದ್ದೆ. "ಅವ್ವಾ, ಕೈ ಒರಸ್ಕೋ. ಕತ್ತೆಲ್ಲ ತೊಯ್ತು," ಎಂದು ಅವಳು ದಿನಾ ಕೊಸರುತ್ತಿದ್ದಳು. ಒಂದು ದಿನ ಹಣಿಗೆ, ರಿಬ್ಬನ್ನು ಎತ್ತಿಕೊಂಡು ಸೀದಾ ಕೊಟ್ರಮ್ಮನ ಮುಂದೆ ಹೋಗಿ ಕೂತುಬಿಟ್ಟಳು. ಕೊಟ್ರಮ್ಮನಿಗೆ ಇಬ್ಬರೂ ಗಂಡುಮಕ್ಕಳು, ಹೆಣ್ಣಿನ ತಲೆ ಸಿಕ್ಕಿದ್ದೇ ಅವಳಿಗೆ ಹಬ್ಬ. ಅಂದಿನಿಂದ ನನ್ನ ಮಗಳ ಜಡೆ ಅವಳ ಪಾಲಾಯಿತು. ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಾ ನಿಲ್ಲುತ್ತಿದ್ದೆ.

ಇಲ್ಲಿ ಸ್ವಲ್ಪ ಪಾಠ ಮಾಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮೈಯಲ್ಲಿ ನಮ್ಮನ್ನು ಕೇಳದೆ ಕೆಲಸ ಮಾಡುವ ನರಗಳ ಒಂದು ವ್ಯವಸ್ಥೆ ಇದೆ. ಪುಸ್ತಕದಲ್ಲಿ ಅದಕ್ಕೆ ಸ್ವಾಯತ್ತ ನರವ್ಯೂಹ ಎನ್ನುತ್ತಾರೆ. ಹೃದಯಕ್ಕೆ ಬಡಿ ಎಂದು, ಕರುಳಿಗೆ ಅರೆ ಎಂದು ಯಾರೂ ಹೇಳಬೇಕಾಗಿಲ್ಲ. ಇದರಲ್ಲಿ ಎರಡು ಭಾಗ. ಸಂಜೆಯ ಕೊನೆಯ ಬಸ್ಸು ಹೊರಟುಬಿಟ್ಟಿದೆ, ನೀವು ಹಿಂದೆ ಓಡುತ್ತಿದ್ದೀರಿ ಅನ್ನಿ. ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮೈ ಬೆವರುತ್ತದೆ. ಇದು ಅನುವೇದನಾ ನರಗಳ ಕೆಲಸ. ಅವು ಬೆನ್ನುಹುರಿಯಿಂದ, ಎದೆ ಮತ್ತು ಸೊಂಟದ ಮಟ್ಟದಲ್ಲಿ ಹೊರಟು, ಬೆನ್ನೆಲುಬಿನ ಎರಡೂ ಪಕ್ಕದಲ್ಲಿ ಗಂಟು ಗಂಟಾದ ಸರಪಳಿಯಂತೆ ಇಳಿಯುತ್ತವೆ. ಬಸ್ಸು ಸಿಕ್ಕಿತು, ಮನೆಗೆ ಬಂದಿರಿ, ರೊಟ್ಟಿ ತಿಂದು ಗೋಡೆಗೆ ಒರಗಿದಿರಿ. ಆಗ ಎದೆಬಡಿತ ಇಳಿಸಿ ಜೀರ್ಣಕ್ಕೆ ಹಚ್ಚುವುದು ಪರಾನುವೇದನಾ ನರಗಳು. ಅವು ಹೊರಡುವುದು ಮೆದುಳಿನ ಬುಡದಿಂದ ಮತ್ತು ಬೆನ್ನುಹುರಿಯ ತುದಿಯಿಂದ. ಹೃದಯ, ಹೊಟ್ಟೆಗಳಿಗೆ ಎರಡೂ ಕಡೆಯ ನರ ಉಂಟು, ಒಂದು ಎಬ್ಬಿಸಿದರೆ ಇನ್ನೊಂದು ಕೂರಿಸುತ್ತದೆ. ಬೆವರಿನ ಗ್ರಂಥಿಗೆ ಮಾತ್ರ ಎಬ್ಬಿಸುವ ನರ ಒಂದೇ. ಸಾಕು ನಿಲ್ಲಿಸು ಅನ್ನುವ ಇನ್ನೊಂದು ನರ ಅದಕ್ಕಿಲ್ಲ. ಇದನ್ನು ಪ್ರತಿ ವರ್ಷ ಕಲಿಸುವಾಗ ನನ್ನ ಕೈಯಲ್ಲಿನ ಸೀಮೆಸುಣ್ಣ ನೆನೆದು ಮುರಿಯುತ್ತಿತ್ತು.

ಅಕ್ಷತಾಳ ಮದುವೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮದುಮಗಳ ಮೊಗ್ಗಿನ ಜಡೆಯನ್ನು ಹೊರಗೆ ಮಾಡಿಸುವುದಿಲ್ಲ, ಹೆತ್ತವಳೇ ಪೋಣಿಸಿ, ಧಾರೆಯ ಬೆಳಿಗ್ಗೆ ತಾನೇ ಮಗಳ ಕೂದಲಿಗೆ ಹೊಲಿಯಬೇಕು. ಅತ್ತೆ ನನ್ನನ್ನೊಂದು ಮಾತು ಕೇಳಲಿಲ್ಲ. "ಜಡಿ ಕೊಟ್ರಮ್ಮ ಮಾಡ್ತಾಳ ಬಿಡ್ರಿ," ಎಂದು ಎಲ್ಲರೆದುರು ಹೇಳಿಬಿಟ್ಟರು. ಕೊಟ್ರಮ್ಮ ನಾಚಿದಳು. ಅವತ್ತೇ ನಾನು ಮನಸ್ಸಿನಲ್ಲಿ ನಿರ್ಧಾರ ಮಾಡಿದೆ: ಜಡೆಯನ್ನು ಮಾತ್ರ ಅವಳಿಗೆ ಬಿಟ್ಟುಕೊಡುವುದಿಲ್ಲ.

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಕಂಕುಳಿನ ಕೆಳಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಪಕ್ಕೆಲುಬಿನ ಹತ್ತಿರ ಆ ಸರಪಳಿಯನ್ನು ಕತ್ತರಿಸುತ್ತಾರೆ. ಕೈಗೆ ಬೆವರು ಎನ್ನುವ ಸುದ್ದಿಯೇ ಹೋಗುವುದಿಲ್ಲ. "ಒಂದು ವಿಷಯ ಮೇಡಂ," ಎಂದರು ಡಾಕ್ಟರು, "ಕೈ ಒಣಗುತ್ತೆ, ಆದರೆ ಎಷ್ಟೋ ಜನಕ್ಕೆ ಬೆನ್ನು, ಹೊಟ್ಟೆ, ತೊಡೆ ಇಂಥ ಕಡೆ ಜಾಸ್ತಿ ಬೆವರೋಕೆ ಶುರುವಾಗುತ್ತೆ. ಆಮೇಲೆ ನಮ್ಮನ್ನ ಬೈಬಾರದು." ಬೆನ್ನು ಬೆವರಿದರೆ ಬೆವರಲಿ, ಬೆನ್ನಿನಿಂದ ಯಾರು ಹೂವು ಕಟ್ಟುತ್ತಾರೆ ಎಂದೆ. ಆಪರೇಷನ್ ಮುಗಿದು ಮಧ್ಯಾಹ್ನ ಎಚ್ಚರವಾದಾಗ ನನ್ನ ಅಂಗೈ ಬೆಚ್ಚಗೆ, ಕಾಗದದಂತೆ ಒಣಗಿದ್ದವು. ಕೆನ್ನೆಗೆ ಒತ್ತಿಕೊಂಡು ಗಳಗಳ ಅತ್ತುಬಿಟ್ಟೆ. ಬೆನ್ನಿಗಾಗಲಿ ಹೊಟ್ಟೆಗಾಗಲಿ ಹೆಚ್ಚಿನ ಬೆವರು ಅಂದಿನಿಂದ ಇಂದಿನವರೆಗೂ ಬಂದಿಲ್ಲ.

ಮನೆಗೆ ಬಂದ ಮೇಲೆ ಅತ್ತೆಯೇ ಬುಟ್ಟಿ ನನ್ನ ಮುಂದೆ ಸರಿಸಿದರು. ಆಹಾ, ಆ ದಿನಗಳು! ನನ್ನ ಮಾಲೆ ಸಂಜೆಗೂ ಬೆಳ್ಳಗೇ ಇರುತ್ತಿತ್ತು. ಇನ್ನೊಂದು ಖುಷಿಯೆಂದರೆ, ಕೊಟ್ರಮ್ಮ ಹೂವು ಕಟ್ಟುವುದನ್ನೇ ಬಿಟ್ಟಳು. ಬೆರಳಿಗೆ ವಾತ ಹಿಡಿದಿದೆ ಎಂದು ಅಡುಗೆಮನೆ ಸೇರಿದಳು. ಜಡೆ ಪೋಣಿಸುವುದನ್ನು ನನಗೆ ಕಲಿಸಲು ಬಂದರೂ ಮಾರುದೂರ ಕೂತು, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು, "ಹಂಗಲ್ಲಕ್ಕ, ಮೊಗ್ಗಿನ ಕತ್ತು ಹಿಡೀರಿ. ಹೊಟ್ಟಿ ಹಿಡಿದ್ರ ಅರಳಿಬಿಡ್ತಾವು," ಎಂದು ಬಾಯಲ್ಲೇ ಹೇಳುತ್ತಿದ್ದಳು. ಬೆರಳು ಹಚ್ಚುವುದಿಲ್ಲ ಮಹಾರಾಣಿ ಎಂದುಕೊಂಡೆ. ಉರಿ ಈಗ ಅವಳ ಹೊಟ್ಟೆಗೆ ಹೋಯಿತು ಎಂದು ನನಗೆ ಹಬ್ಬ. ಮಗಳು ಮಾತ್ರ ಹರಪನಹಳ್ಳಿಯ ಹಾಸ್ಟೆಲಿನಿಂದ ಬಂದಾಗ ನನ್ನ ಕೈ ಹಿಡಿದು, ತಿರುಗಿಸಿ ನೋಡಿ, "ಚಲೋ ಆತು ಬಿಡವ್ವ," ಎಂದು ಬಿಟ್ಟುಬಿಟ್ಟಳು. ಅಷ್ಟೇನಾ ಅನ್ನಿಸಿತು.

ಮದುವೆಯ ಹಿಂದಿನ ದಿನ ನಾನೇ ಜಡೆ ಪೋಣಿಸಿದೆ. ಒಂದು ಮೊಗ್ಗೂ ಕಂದಲಿಲ್ಲ. ಬೆಳಿಗ್ಗೆ ಕಲ್ಯಾಣ ಮಂಟಪದ ಕೋಣೆಯಲ್ಲಿ ಅಕ್ಷತಾ ಗೋಡೆಯ ಕಡೆ ಮುಖ ಮಾಡಿ ಮಣೆಯ ಮೇಲೆ ಕೂತಿದ್ದಳು. ನಾನು ಹಿಂದೆ ಮಂಡಿಯೂರಿ ಜಡೆಯನ್ನು ಕೂದಲಿಗೆ ಹೊಲಿಯುತ್ತಿದ್ದೆ. ಎರಡೂ ಕೈಗೆ ಕೆಲಸ. ಹುಡುಗಿ ತಲೆ ಬಗ್ಗಿಸುತ್ತಲೇ ಇದ್ದಳು. ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಕತ್ತು ಹಿಡಿ ಎಂದು ಕೊಟ್ರಮ್ಮನಿಗೆ ಕಣ್ಣಲ್ಲೇ ಗದರಿದರು. ಕೊಟ್ರಮ್ಮ ಹಿಂದೆ ಮುಂದೆ ನೋಡಿದಳು. ಸೀರೆಗೆ ಕೈ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ಪಕ್ಕದಲ್ಲಿ ಕೂತು, ಮಾತಿಲ್ಲದೆ ಎಡಗೈಯನ್ನು ಮಗಳ ಕತ್ತಿನ ಹಿಂದೆ ಒತ್ತಿದಳು.

ಅಕ್ಷತಾಳ ಬೆನ್ನು ಒಮ್ಮೆ ನಡುಗಿತು. "ಅವ್ವಾ," ಎಂದಳು, ತಿರುಗದೆ. "ನಿನ್ನ ಕೈ ಮತ್ತ ಮೊದಲಿನಂಗ ಆದ್ವೇನ?"

ಕೊಟ್ರಮ್ಮನ ಬೆರಳುಗಳ ಸಂದಿಯಿಂದ ನೀರು ಮಗಳ ಬೆನ್ನಿನ ಮೇಲೆ ಇಳಿಯುತ್ತಿತ್ತು. ಅಕ್ಷತಾ ಕೈ ಹಿಂದೆ ಚಾಚಿ ಆ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಆಪರೇಷನ್ ಆದಾಗಿಂದ ನಿನ್ನ ಕೈ ಹಿಡಿದ್ರ ಯಾರದೋ ಕೈ ಹಿಡಿದಂಗ ಆಗ್ತಿತ್ತವ್ವಾ. ಹೇಳಿದ್ರ ನೀ ನೊಂದ್ಕೊಂತಿ ಅಂತ ಸುಮ್ಮನಿದ್ದೆ. ಸಣ್ಣಾಕಿದ್ದಾಗ ಬೈತಿದ್ದೆ, ಖರೇ. ಆದ್ರ ಜ್ವರ ಬಂದಾಗ ಈ ಕೈ ಹಣಿ ಮ್ಯಾಲಿದ್ರನ ನಿದ್ದಿ ಬರ್ತಿತ್ತು."

ಕೊಟ್ರಮ್ಮ ನನ್ನ ಮುಖ ನೋಡಿದಳು. ಕದ್ದು ಸಿಕ್ಕಿಬಿದ್ದವಳ ಹಾಗಿದ್ದಳು. ಇದು ನಿನ್ನ ಚಿಗವ್ವನ ಕೈ ಎಂದು ಹೇಳಬೇಕಿತ್ತು. ನನ್ನಿಂದ ಆಗಲಿಲ್ಲ. "ಹೂಂ ನನ್ನವ್ವ, ಬಂದ್ವು," ಎಂದೆ. ಮಾತು ನನ್ನದು, ಕೈ ಅವಳದು. ಮಗಳು ಅಳು ನಿಲ್ಲುವವರೆಗೂ ಅವಳ ಕೈ ಬಿಡಲಿಲ್ಲ. ಧಾರೆಯಾಯಿತು, ಜಡೆ ಚೆನ್ನಾಗಿದೆ ಎಂದು ಊರೆಲ್ಲ ಹೊಗಳಿತು. ನನ್ನ ಕಿವಿಗೆ ಒಂದೂ ಹೋಗಲಿಲ್ಲ.

ಊಟದ ಗದ್ದಲದಲ್ಲಿ ಕೊಟ್ರಮ್ಮನನ್ನು ಮಂಟಪದ ಹಿಂದಕ್ಕೆ ಎಳೆದುಕೊಂಡು ಹೋದೆ. "ಯಾವಾಗಿಂದ?" ಎಂದೆ.

"ನೀವು ದಾವಣಗೆರ್ಯಾಗ ಆಪರೇಷನ್ ಮಾಡಿಸ್ಕೊಂಡ್ರಲ್ಲಕ್ಕ, ಅವತ್ತ," ಎಂದಳು. "ಮಧ್ಯಾಹ್ನ ಹೂವಿಗೆ ಕುಂತಿದ್ದೆ. ಕೈಯಾಗ ನಾರು ಜಾರಾಕ ಹತ್ತಿತು. ನಾರು ಜಾಸ್ತಿ ನೆಂದೈತಿ ಅಂದ್ಕೊಂಡು ಒಣ ನಾರು ತಗೊಂಡೆ. ಅದೂ ತೊಯ್ತು. ಆಮ್ಯಾಲೆ ನೋಡಿದ್ರ ನನ್ನ ಕೈ. ಹೆದರಿಕಿ ಆತು ರೀ. ನಿಮಗ ಹೇಳಿದ್ರ, ನಾ ಹೊಟ್ಟಿಕಿಚ್ಚಿಗೆ ನಾಟಕ ಮಾಡ್ತೀನಿ ಅಂತಿದ್ರಿ."

ಅನ್ನುತ್ತಿದ್ದೆ, ಸುಳ್ಳಲ್ಲ. ಅವಳನ್ನು ಕರೆದುಕೊಂಡು ಅದೇ ಡಾಕ್ಟರ ಹತ್ತಿರ ಹೋದೆ. ಥೈರಾಯ್ಡ್ ನೋಡಿದರು, ಸಕ್ಕರೆ ನೋಡಿದರು, ಏನೂ ಇಲ್ಲ. ಈ ವಯಸ್ಸಿನಲ್ಲಿ ಹೀಗೆ ಒಮ್ಮೆಲೇ ಶುರುವಾಗುವುದು ಅಪರೂಪ, ಮನೆಯಲ್ಲಿ ಏನಾದರೂ ಚಿಂತೆ ಇದೆಯಾ ಎಂದು ಕೇಳಿದರು. ನಾನು ದಿನದ ಲೆಕ್ಕ ಹೇಳಿದಾಗ ನಕ್ಕರು. "ಮೇಡಂ, ನೀವೇ ಸೈನ್ಸ್ ಟೀಚರು. ಒಬ್ಬರ ನರ ಕತ್ತರಿಸಿದರೆ ಇನ್ನೊಬ್ಬರಿಗೆ ಬೆವರುತ್ತಾ?" ಬೆವರುವುದಿಲ್ಲ. ನನಗೂ ಗೊತ್ತು. ಹತ್ತನೇ ತರಗತಿಗೆ ಈಗಲೂ ಅದನ್ನೇ ಕಲಿಸುತ್ತೇನೆ, ಒಣಗಿದ ಕೈಯಲ್ಲಿ ಗಟ್ಟಿ ಸೀಮೆಸುಣ್ಣ ಹಿಡಿದು. ಕಾಕತಾಳೀಯ ಎಂದು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಹತ್ತಿರ ಹತ್ತಿರ ನಲವತ್ತು ವರ್ಷ ನನ್ನ ಜೊತೆಗಿದ್ದ ಒದ್ದೆ ನನಗೆ ಗುರುತು ಸಿಗುವುದಿಲ್ಲವೇ? ಬೆರಳ ತುದಿ ತಣ್ಣಗೆ, ಅಂಗೈಯ ನಡುವೆ ಬೆಚ್ಚಗೆ. ಕೊಟ್ರಮ್ಮನ ಕೈ ಈಗ ಹಾಗೇ ಇದೆ.

ಮಗಳಿಗೆ ವಿಷಯ ಆಮೇಲೆ ಗೊತ್ತಾಯಿತು, ಇಂಥದ್ದು ಎಷ್ಟು ದಿನ ಮುಚ್ಚಿಡಲಾಗುತ್ತದೆ? ಅವಳು ನನ್ನನ್ನು ಏನೂ ಅನ್ನಲಿಲ್ಲ. ತವರಿಗೆ ಬಂದಾಗ ನನ್ನ ಹತ್ತಿರ ಮಾತಾಡುತ್ತಾಳೆ, ಉಣ್ಣುತ್ತಾಳೆ, ನಗುತ್ತಾಳೆ. ಮಲಗುವ ಮುಂಚೆ ಮಾತ್ರ ಚಿಗವ್ವನ ಪಕ್ಕಕ್ಕೆ ಹೋಗಿ ಕೂತು, ಆ ಕೈಯನ್ನು ತನ್ನ ಕತ್ತಿನ ಮೇಲೆ ಎಳೆದುಕೊಳ್ಳುತ್ತಾಳೆ. ನಾನು ಮತ್ತೆ ಅದೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ಮೊದಲು ಕೊಟ್ರಮ್ಮನ ಒಣ ಕೈ ಕಂಡರೆ ಉರಿಯುತ್ತಿತ್ತು, ಈಗ ಒದ್ದೆ ಕೈ ಕಂಡರೆ ಉರಿಯುತ್ತದೆ.

ಮೊನ್ನೆ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಕೊಟ್ರಮ್ಮನ ಕೈಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡು ಕೂತಿದ್ದೆ. ಆಗಾಗ ಹೀಗೆ ಕೂರುತ್ತೇನೆ, ಏನು ನೋಡಬೇಕೆಂದು ನನಗೇ ಗೊತ್ತಿಲ್ಲ. ಅವಳೂ ಕೈ ಎಳೆದುಕೊಳ್ಳುವುದಿಲ್ಲ. ಅವಳ ಬೆವರು ನನ್ನ ಅಂಗೈಗೆ ಹತ್ತಿ, ಒಂದು ಗಳಿಗೆ ನನ್ನದೂ ಒದ್ದೆಯಾಯಿತು. ಅವಳು ತಲೆ ಎತ್ತದೆ, "ನಿಮ್ಮದು ನೀವು ಒಯ್ಯೋದಾದ್ರ ಒಯ್ದುಬಿಡ್ರಿ ಅಕ್ಕ," ಎಂದಳು.

ಹೇಗೆ ಒಯ್ಯಬೇಕು? ಕೈ ಬಿಟ್ಟ ಸ್ವಲ್ಪ ಹೊತ್ತಿಗೆ ನನ್ನದು ಒಣಗಿತು.